ಕೀಲಿ ಗೊಂಚಲಿನಲ್ಲೊಂದು ಬ್ಯಾಟ್ರಿ ಇರಲಿ

‘ಮೊಬೈಲ್‌ನಾಗೇ ಟಾರ್ಚ್ ಅದಲ್ಲೋ ದೋಸ್ತ, ಮತ್ತ ಇದೊಂದು ಬ್ಯಾಟ್ರಿ ಯಾಕ?’

ಕೀಚೈನ್‌ಗೆ ಹೆಬ್ಬೆರಳು ಗಾತ್ರದ ಟಾರ್ಚ್ ಸಿಕ್ಕಿಸಿಕೊಂಡು ಓಡಾಡುವ ನನಗೆ ಕಾಲೇಜಿನಲ್ಲಿ ಆಗಾಗ ಎದುರಾಗುವ ಪ್ರಶ್ನೆ ಇದು. ಬೀದರ್ ಕಡೆ ಟಾರ್ಚಿಗೆ ‘ಬ್ಯಾಟ್ರಿ’ ಎನ್ನುತ್ತೇವೆ, ಅದರೊಳಗೆ ಹಾಕುವುದಕ್ಕೆ ‘ಸೆಲ್’. ಮುತ್ಯಾನ ಕಾಲದಲ್ಲಿ ಎರಡೋ ಮೂರೋ ದಪ್ಪ ಸೆಲ್ ಹಿಡಿಸುವ ಬ್ಯಾಟ್ರಿ ಮನೆಗೊಂದು ಇದ್ದೇ ಇರುತ್ತಿತ್ತು. ಮೊಬೈಲ್ ಬಂದ ಮೇಲೆ ಅದು ಅಟ್ಟ ಸೇರಿತು. ಆದರೆ ಅದು ಮಾಡುತ್ತಿದ್ದ ಕೆಲಸ ಇನ್ನೂ ಮುಗಿದಿಲ್ಲ. ಆ ಕೆಲಸವನ್ನು ಈಗ ಇಪ್ಪತ್ತು ಗ್ರಾಂ ತೂಗುವ ಸಣ್ಣ ವಸ್ತು ಮಾಡಬಲ್ಲದು. ಸರಿಯಾದದ್ದನ್ನು ಆರಿಸಿಕೊಳ್ಳಬೇಕು, ಅಷ್ಟೇ.

ಮೊಬೈಲ್ ಯಾಕೆ ಸಾಲದು?

ನಮ್ಮ ಜಿಲ್ಲೆಯ ವಿದ್ಯಾರ್ಥಿಯ ಒಂದು ದಿನ ನೋಡಿ. ಬೆಳಿಗ್ಗೆ ಫುಲ್ ಚಾರ್ಜ್ ಇದ್ದ ಫೋನು ಆನ್‌ಲೈನ್ ಕ್ಲಾಸು, ನೋಟ್ಸು, ರೀಲ್ಸು, ಯುಪಿಐ ಎಲ್ಲ ಮುಗಿಸಿ ಸಂಜೆ ಬಸ್ ಹತ್ತುವ ಹೊತ್ತಿಗೆ ಏದುಸಿರು ಬಿಡುತ್ತಿರುತ್ತದೆ. ಔರಾದ್‌ಗೆ ರೈಲಿಲ್ಲ. ಬೀದರ್‌ನಿಂದ ಸುಮಾರು 40 ಕಿ.ಮೀ. ಬಸ್ಸೇ ಗತಿ. ಸಂತಪುರದ ಆಚೆ ಈಚೆ ಯಾವುದೋ ಕ್ರಾಸ್‌ನಲ್ಲಿ ಇಳಿದು ಊರಿಗೋ ತಾಂಡಾಕ್ಕೋ ಒಂದೆರಡು ಕಿಲೋಮೀಟರ್ ನಡೆಯುವವರು ಎಷ್ಟೋ ಮಂದಿ. ಭಾಲ್ಕಿಗೆ ರೈಲಿದೆ ನಿಜ. ಆದರೆ ಸ್ಟೇಷನ್ನಿನ ದೀಪ ಹೊಲದ ದಾರಿಯವರೆಗೆ ಬರುವುದಿಲ್ಲ.

ಆ ಕತ್ತಲಲ್ಲಿ ಫೋನಿನಲ್ಲಿ ಉಳಿದ ನಾಲ್ಕು ಪರ್ಸೆಂಟ್ ಚಾರ್ಜನ್ನು ಬೆಳಕಿಗೆ ಸುರಿಯಬೇಕೋ, ಕರೆ ಮಾಡಲು ಉಳಿಸಬೇಕೋ? ಎಷ್ಟೋ ಫೋನುಗಳು ಚಾರ್ಜ್ ತೀರಾ ಕಡಿಮೆಯಾದಾಗ ಫ್ಲ್ಯಾಶ್ ಹಚ್ಚಲು ಬಿಡುವುದೇ ಇಲ್ಲ. ಮಳೆ ಬಂದರೆ ಫೋನು ಜೇಬಿನಿಂದ ಹೊರಗೆ ತೆಗೆಯಲೂ ಹೆದರಿಕೆ. ಏನಾದರೂ ಆದರೆ 108ಕ್ಕೆ ಕರೆ ಮಾಡಬೇಕಾದದ್ದು ಅದೇ ಫೋನಿನಿಂದ. ಬೆಳಕು ಮತ್ತು ಕರೆ ಎರಡನ್ನೂ ಒಂದೇ ಸೆಲ್ಲಿಗೆ ಕಟ್ಟಿಹಾಕಬಾರದು ಎಂಬುದೇ ಕೀಚೈನ್ ಬ್ಯಾಟ್ರಿಯ ಪರವಾದ ದೊಡ್ಡ ವಾದ.

‘ಏನಾದರೂ ಆದರೆ’ ಎಂಬುದು ಸುಮ್ಮನೆ ಹೇಳಿದ ಮಾತಲ್ಲ. ರಾತ್ರಿ ಹೊತ್ತು ಹಾವಿನ ಹೆಸರೆತ್ತದೆ ‘ಹುಳ’ ಎನ್ನುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ‘ಬ್ಯಾಟ್ರಿ ತಗೊಂಡು ಹೋಗೋ, ಹುಳಾ ಹುಪ್ಪಡಿ ಇರ್ತಾವ’ ಎಂದು ಅವ್ವ ಹೇಳುವುದು ಅದಕ್ಕೇ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಬಹುಪಾಲು ಸಾವು ಹಳ್ಳಿಗಳಲ್ಲಿ, ಅದರಲ್ಲೂ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮಲ್ಲಿ ಸೋಯಾ, ಹೆಸರು, ಉದ್ದು, ತೊಗರಿ ಹೊಲಗಳು ಹಸಿರಾಗಿ ಬದು ಕಾಣದಂತಾಗುವ ಕಾಲವೂ ಅದೇ. ರಾತ್ರಿ ನಡೆಯುವಾಗ ಟಾರ್ಚ್ ಹಿಡಿಯಿರಿ, ಕಾಲಿಗೆ ಬೂಟು ಹಾಕಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳಲ್ಲೂ ಇದೆ. ಕಡಂಬಳ ಹಾವು ರಾತ್ರಿಯೇ ಓಡಾಡುವಂಥದ್ದು. ಕೊಳಕುಮಂಡಲ ಒಣ ಎಲೆ, ಮಣ್ಣಿನ ಬಣ್ಣದಲ್ಲಿ ಕಲೆತು ಬಿದ್ದಿರುತ್ತದೆ. ಎರಡು ಹೆಜ್ಜೆ ಮುಂದಿನ ನೆಲ ಕಂಡರೆ ಸಾಕು, ನಾವು ತುಳಿಯುವುದಿಲ್ಲ.

ಇದೆಲ್ಲ ಸಾಧ್ಯವಾದದ್ದು ಹೇಗೆ?

ಮುತ್ಯಾನ ಬ್ಯಾಟ್ರಿಯಲ್ಲಿ ತಂತಿ ಕಾದು ಬೆಳಗುವ ಬಲ್ಬ್ ಇತ್ತು. ಸೆಲ್ಲಿನ ಶಕ್ತಿಯ ಬಹುಪಾಲು ಬಿಸಿಯಾಗಿಯೇ ಹೋಗುತ್ತಿತ್ತು. ಕೆಂಪು, ಹಸಿರು ಎಲ್‌ಇಡಿಗಳು ಮೊದಲೇ ಬಂದಿದ್ದರೂ ಪ್ರಖರವಾದ ನೀಲಿ ಎಲ್‌ಇಡಿ ಇಲ್ಲದೆ ಬಿಳಿ ಬೆಳಕು ಸಿಕ್ಕಿರಲಿಲ್ಲ. ಅದನ್ನು ಜಪಾನಿನಲ್ಲಿ 1990ರ ದಶಕದ ಆರಂಭದ ಹೊತ್ತಿಗೆ ಸಾಧಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಲೇಪಿಸಿದರೆ ಬಿಳಿ ಬೆಳಕು. ಇವತ್ತಿನ ಒಳ್ಳೆಯ ಎಲ್‌ಇಡಿ ಒಂದು ವ್ಯಾಟ್‌ಗೆ ಸುಮಾರು 100 ಲುಮೆನ್ ಬೆಳಕು ಕೊಡುತ್ತದೆ. ಈ 100 ಎಂಬ ಸಂಖ್ಯೆ ನೆನಪಿಟ್ಟುಕೊಳ್ಳಿ. ಅಂಗಡಿಯಲ್ಲಿ ಮೋಸ ಹೋಗದಿರಲು ಇದೊಂದೇ ಸಾಕು.

ಡಬ್ಬಿಯ ಮೇಲಿನ ಲುಮೆನ್

ಲುಮೆನ್ ಎಂದರೆ ಟಾರ್ಚ್ ಎಲ್ಲ ದಿಕ್ಕಿಗೂ ಸೇರಿ ಹೊರಹಾಕುವ ಒಟ್ಟು ಬೆಳಕು. ಬೀದರ್‌ನ ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಕೀಚೈನ್ ಟಾರ್ಚ್ ಕೇಳಿದರೆ ‘ಇದು ತಗೋರಿ, ಸಾವಿರ ಲುಮೆನ್ ಅದ, ಭಾಳ ಪವರ್’ ಎಂಬ ಮಾತು ಬರುತ್ತದೆ. ಡಬ್ಬಿಯ ಮೇಲೂ ಹಾಗೇ ಬರೆದಿರುತ್ತದೆ. ಲೆಕ್ಕ ಹಾಕೋಣ.

ಹೆಬ್ಬೆರಳು ಗಾತ್ರದ ಚಾರ್ಜಿಂಗ್ ಟಾರ್ಚಿನೊಳಗೆ 130 ಎಂಎಎಚ್ ಲಿಥಿಯಂ ಸೆಲ್ ಇದೆ ಎಂದುಕೊಳ್ಳಿ. ವೋಲ್ಟೇಜ್ 3.7. ಗುಣಿಸಿದರೆ 0.48 ವ್ಯಾಟ್-ಅವರ್, ಅಂದರೆ ಅರ್ಧ ವ್ಯಾಟ್ ಶಕ್ತಿಯನ್ನು ಒಂದು ಗಂಟೆ ಕೊಡುವಷ್ಟು ಸರಕು. ವ್ಯಾಟ್‌ಗೆ 100 ಲುಮೆನ್‌ನಂತೆ 48 ಲುಮೆನ್ ಒಂದು ಗಂಟೆ ಉರಿಯಬಹುದು. ಅದೇ ಸೆಲ್‌ನಿಂದ ಸಾವಿರ ಲುಮೆನ್ ತೆಗೆದರೆ ಮೂರು ನಿಮಿಷವೂ ಉರಿಯದು. ಅದಕ್ಕೆ ಬೇಕಾದ 10 ವ್ಯಾಟ್ ಬಿಸಿಯನ್ನು ಅಷ್ಟು ಸಣ್ಣ ಮೈ ತಡೆದುಕೊಳ್ಳುವುದೂ ಇಲ್ಲ, ಬೆರಳು ಸುಡುತ್ತದೆ. ಹತ್ತು ಲುಮೆನ್‌ಗೆ ಇಳಿಸಿದರೆ ಅದೇ ಟಾರ್ಚ್ ನಾಲ್ಕು ಗಂಟೆಗೂ ಹೆಚ್ಚು ದಾರಿ ತೋರಿಸುತ್ತದೆ. ದೊಡ್ಡ ಸಂಖ್ಯೆಗೆ ದುಡ್ಡು ಕೊಡುವ ಮುಂಚೆ ಒಳಗಿನ ಸೆಲ್ ಎಷ್ಟು ದೊಡ್ಡದು ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಡಬ್ಬಿ ಕೆಳಗಿಡಿ.

ಕಣ್ಣಿನ ಸ್ವಭಾವವೂ ನಮ್ಮ ಪರವಾಗಿದೆ. ಬೆಳಕು ಎರಡು ಪಟ್ಟು ಹೆಚ್ಚಾದರೆ ಕಣ್ಣಿಗೆ ಎರಡು ಪಟ್ಟು ಕಾಣುವುದಿಲ್ಲ, ಅದಕ್ಕೆ ಸುಮಾರು ನಾಲ್ಕು ಪಟ್ಟಾದರೂ ಬೇಕು. ಹಾಗಾಗಿ 100 ಮತ್ತು 150 ಲುಮೆನ್ ನಡುವೆ ತಲೆ ಕೆಡಿಸಿಕೊಳ್ಳುವುದು ದಂಡ. ಹಾಸ್ಟೆಲ್ ರೂಮಿನಲ್ಲಿ ಗೆಳೆಯ ಮಲಗಿರುವಾಗ ಬ್ಯಾಗಿನಲ್ಲಿ ಹಾಲ್ ಟಿಕೆಟ್ ಹುಡುಕಲು ಒಂದೆರಡು ಲುಮೆನ್ ಸಾಕು. ಹೊಲದ ದಾರಿಯಲ್ಲಿ ನಡೆಯಲು 10ರಿಂದ 30. ದೂರದಲ್ಲಿ ಏನೋ ಅಲ್ಲಾಡಿತೆಂದು ನೋಡಲು ಅರ್ಧ ನಿಮಿಷ 100. ಈ ಮೂರು ಹಂತ ಇರುವ ಟಾರ್ಚ್ ಒಂದೇ ಹಂತದ ‘ಭಾಳ ಪವರ್’ ಟಾರ್ಚಿಗಿಂತ ಉಪಯುಕ್ತ.

ದೂರ ಮತ್ತು ಹೊತ್ತು

ಒಳ್ಳೆಯ ಕಂಪನಿಗಳು ‘ಆನ್ಸಿ ಎಫ್‌ಎಲ್ 1’ ಎಂಬ ಮಾನದಂಡದ ಪ್ರಕಾರ ಅಳತೆ ಬರೆಯುತ್ತವೆ. ಆದರೆ ಅದನ್ನು ಓದಲು ಗೊತ್ತಿರಬೇಕು. ಅದರಲ್ಲಿ ‘ದೂರ’ ಎಂದರೆ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗ. ಅದು ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. ಅಷ್ಟರಲ್ಲಿ ಆಕಾರ ಕಾಣುತ್ತದೆ, ಹಗ್ಗವೋ ಹಾವೋ ಗೊತ್ತಾಗುವುದಿಲ್ಲ. 40 ಮೀಟರ್ ಎಂದು ಬರೆದಿದ್ದರೆ ಸ್ಪಷ್ಟವಾಗಿ ಕಾಣುವುದು ಹತ್ತು ಹನ್ನೆರಡು ಮೀಟರ್ ಎಂದುಕೊಳ್ಳುವುದು ಕ್ಷೇಮ. ಪಿಯುಸಿಯಲ್ಲಿ ಓದಿದ ವಿಲೋಮ ವರ್ಗ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ: ದೂರ ದುಪ್ಪಟ್ಟಾಗಬೇಕಾದರೆ ಕಿರಣದ ತೀವ್ರತೆ ನಾಲ್ಕು ಪಟ್ಟಾಗಬೇಕು. ಅಲ್ಲದೆ ನಮಗೆ ಕಾಲ ಬಳಿಯ ನೆಲ ಕಾಣಬೇಕು. ಹಾಗಾಗಿ ಕೀಚೈನ್ ಟಾರ್ಚಿನಲ್ಲಿ ಬಾಣದಂಥ ಕಿರಣಕ್ಕಿಂತ ಹರಡಿದ ಬೆಳಕೇ ಮೇಲು.

‘ಹೊತ್ತು’ ಇನ್ನೂ ಸೂಕ್ಷ್ಮ. ಈ ಮಾನದಂಡದಲ್ಲಿ ಉರಿಯುವ ಅವಧಿ ಎಂದರೆ ಬೆಳಕು ಆರಂಭದ ಶೇ 10ಕ್ಕೆ ಇಳಿಯುವವರೆಗಿನ ಸಮಯ. 100 ಲುಮೆನ್, 3 ಗಂಟೆ ಎಂದು ಬರೆದಿದ್ದರೆ ಎರಡು ಮೂರು ನಿಮಿಷ ನೂರು ಕೊಟ್ಟು, ಉಳಿದ ಹೊತ್ತೆಲ್ಲ ಇಪ್ಪತ್ತೋ ಹದಿನೈದೋ ಕೊಟ್ಟರೂ ಅದು ಸುಳ್ಳಾಗುವುದಿಲ್ಲ. ಆದ್ದರಿಂದ ಕಡಿಮೆ ಹಂತದಲ್ಲಿ ಎಷ್ಟು ಗಂಟೆ ಎಂಬುದನ್ನು ಮೊದಲು ಓದಿ. ನಮ್ಮನ್ನು ಮನೆ ಮುಟ್ಟಿಸುವುದು ಆ ಹಂತ.

ಚಾರ್ಜಿಂಗ್‌ದೋ, ಸೆಲ್‌ದೋ?

ನಮ್ಮ ಭಾಗದವರಿಗೆ ಇದು ಮುಖ್ಯ ಆಯ್ಕೆ. ಬೀದರ್ ನಗರದಲ್ಲಿ ಪಿ.ಜಿ.ಯಲ್ಲೋ ಹಾಸ್ಟೆಲ್‌ನಲ್ಲೋ ಇದ್ದು ರಾತ್ರಿ ದಿನಾ ಫೋನ್ ಚಾರ್ಜ್ ಮಾಡುವವರಿಗೆ ಯುಎಸ್‌ಬಿ ಚಾರ್ಜಿಂಗ್ ಟಾರ್ಚ್ ಅನುಕೂಲ. ಹಗುರ, ಚಪ್ಪಟೆ, ಸೆಲ್ ಕೊಳ್ಳುವ ಖರ್ಚಿಲ್ಲ. ಆದರೆ ಒಳಗಿನ ಲಿಥಿಯಂ ಸೆಲ್ ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಸೊರಗುತ್ತದೆ. ಬಹಳಷ್ಟು ಮಾದರಿಗಳಲ್ಲಿ ಅದನ್ನು ಬದಲಿಸಲು ಬರುವುದಿಲ್ಲ, ಟಾರ್ಚನ್ನೇ ಎಸೆಯಬೇಕು. ಇನ್ನೊಂದು ಸಣ್ಣ ವಿಷಯ: ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ನಿಂದ ಚಾರ್ಜ್ ಆಗುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಟೈಪ್-ಸಿ ಪೋರ್ಟಿನೊಳಗೆ ಇರಬೇಕಾದ ಎರಡು 5.1 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಕೆಲವರು ಪೈಸೆ ಉಳಿಸಲು ಹಾಕುವುದಿಲ್ಲ. ಅಂಥವು ಹಳೆಯ ಯುಎಸ್‌ಬಿ ಚಾರ್ಜರ್ ಸಿಕ್ಕರೆ ಮಾತ್ರ ಚಾರ್ಜ್ ಆಗುತ್ತವೆ.

ಊರಲ್ಲೇ ಇರುವವರಿಗೆ, ಅಪ್ಪ ಅವ್ವನಿಗೆ ಕೊಡುವುದಕ್ಕೆ, ನನ್ನ ಓಟು ಒಂದೇ ಒಂದು ಎಎಎ ಸೆಲ್ ಹಾಕುವ ಟಾರ್ಚಿಗೆ. ಟಿ.ವಿ. ರಿಮೋಟಿಗೆ ಹಾಕುವ ಸಣ್ಣ ಸೆಲ್ ಅದು. ಭಾಲ್ಕಿ, ಔರಾದ್ ಪೇಟೆಗಳಲ್ಲಿ ಬಿಡಿ, ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಎರಡು ದಿನ ಕರೆಂಟ್ ಇಲ್ಲದಿದ್ದರೂ ಚಿಂತೆಯಿಲ್ಲ, ಸೆಲ್ ಬದಲಿಸಿದರೆ ಮುಗಿಯಿತು. 800 ಎಂಎಎಚ್ ರೀಚಾರ್ಜ್ ಸೆಲ್ ಹಾಕಿದರೆ 1.2 ವೋಲ್ಟ್ ಲೆಕ್ಕದಲ್ಲಿ 0.96 ವ್ಯಾಟ್-ಅವರ್. ಮೇಲೆ ಹೇಳಿದ ಸಣ್ಣ ಲಿಥಿಯಂ ಸೆಲ್ಲಿನ ಎರಡರಷ್ಟು. ಓಲೈಟ್ ಐ3ಇ ಇಂಥ ಟಾರ್ಚಿಗೆ ಒಂದು ಉದಾಹರಣೆ: ಒಂದು ಎಎಎ ಸೆಲ್, 90 ಲುಮೆನ್, ತಲೆ ತಿರುಗಿಸಿದರೆ ಹತ್ತುತ್ತದೆ, ಅಷ್ಟೇ. ಸಾಮಾನ್ಯ ಸೆಲ್ ಹಾಕಿ ತಿಂಗಳುಗಟ್ಟಲೆ ಮರೆತರೆ ಮಾತ್ರ ಸೋರಿ ಒಳಗೆ ತುಕ್ಕು ಹಿಡಿಯುತ್ತದೆ. ಬಳಸದಾಗ ಹೊರಗೆ ತೆಗೆದಿಡಿ.

ಬಟನ್ ಸೆಲ್ ಹಾಕುವ ಹತ್ತಿಪ್ಪತ್ತು ರೂಪಾಯಿಯ ಜಾತ್ರೆ ಟಾರ್ಚುಗಳನ್ನು ಆಟಿಕೆ ಎಂದೇ ತಿಳಿಯಿರಿ. ಆ ಸೆಲ್‌ಗಳ ಒಳರೋಧ ಜಾಸ್ತಿ. ಮೊದಲ ಕೆಲವು ನಿಮಿಷ ಚೆನ್ನಾಗಿ ಉರಿದು ಆಮೇಲೆ ಮಿಣುಕು ಹುಳವಾಗುತ್ತವೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇನ್ನೂ ಎಚ್ಚರ ಬೇಕು, ಬಟನ್ ಸೆಲ್ ನುಂಗಿದರೆ ಜೀವಕ್ಕೇ ಅಪಾಯ.

ಮೈ ಗಟ್ಟಿ ಇರಬೇಕು

ಕೀಲಿ ಗೊಂಚಲಿನ ಬದುಕು ಸುಲಭದ್ದಲ್ಲ. ದಿನವಿಡೀ ಕೀಲಿಗಳ ಜೊತೆ ತಿಕ್ಕಾಟ, ಬೈಕಿನ ಅದುರಾಟ, ಕಲ್ಲಿನ ಮೇಲೆ ಬೀಳುವುದು, ಮಳೆ, ಎರೆಮಣ್ಣಿನ ಕೆಸರು. ಮೈ ಅಲ್ಯೂಮಿನಿಯಂ ಆಗಿದ್ದು ಹಾರ್ಡ್ ಅನೋಡೈಸಿಂಗ್ ಆಗಿದ್ದರೆ ಒಳ್ಳೆಯದು. ಬೀದರ್‌ನವರಿಗೆ ಇದನ್ನು ಬಿದ್ರಿ ಕಲೆಯ ಮೂಲಕ ವಿವರಿಸಬಹುದು. ಬಿದ್ರಿ ಹೂಜಿಯ ಕಪ್ಪು ಮೇಲಿಂದ ಬಳಿದ ಬಣ್ಣವಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಕೋಟೆಯ ಮಣ್ಣು, ನವಸಾಗರ ಸೇರಿಸಿ ತಿಕ್ಕಿದಾಗ ಲೋಹದ ಮೇಲ್ಮೈಯೇ ಕಪ್ಪಾಗುತ್ತದೆ. ಅನೋಡೈಸಿಂಗ್‌ನಲ್ಲೂ ಅಲ್ಯೂಮಿನಿಯಂನ ಮೇಲ್ಮೈಯೇ ಗಟ್ಟಿ ಆಕ್ಸೈಡ್ ಆಗುತ್ತದೆ. ಬರೀ ಬಣ್ಣ ಬಳಿದ ಟಾರ್ಚ್ ಕೆಲವೇ ತಿಂಗಳಲ್ಲಿ ಬೋಳಾಗುತ್ತದೆ. ಒಳ್ಳೆಯ ಪ್ಲಾಸ್ಟಿಕ್ ಕೂಡ ತಪ್ಪಲ್ಲ. ಪಾಲಿಕಾರ್ಬೊನೇಟ್ ಮೈ ಬಿದ್ದರೆ ಸುಲಭಕ್ಕೆ ಒಡೆಯದು, ಆದರೆ ಬಿಸಿಯನ್ನು ಹೊರಹಾಕುವುದರಲ್ಲಿ ಲೋಹಕ್ಕೆ ಸಮವಲ್ಲ.

ನೀರಿನ ವಿಷಯದಲ್ಲಿ ‘ವಾಟರ್‌ಪ್ರೂಫ್’ ಎಂಬ ಒಂದೇ ಪದ ನಂಬಬೇಡಿ. ಐಪಿಎಕ್ಸ್4 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರು ತಡೆಯುತ್ತದೆ, ಮಳೆಗೆ ಸಾಕು. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಪ್ಯಾಂಟಿನ ಜೇಬಿನಲ್ಲಿ ಉಳಿದು ಬಕೆಟ್ ಸೇರುವ ಸಂಭವ ಇರುವುದರಿಂದ ಎರಡನೆಯದು ಸಿಕ್ಕರೆ ಬಿಡಬೇಡಿ. ಬೀಳುವ ಪರೀಕ್ಷೆಗೂ ಅಳತೆ ಇದೆ, ಕನಿಷ್ಠ ಒಂದು ಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ.

ಸ್ವಿಚ್ಚನ್ನು ಕತ್ತಲಲ್ಲಿ, ಒಂದೇ ಕೈಯಲ್ಲಿ, ಹೆಬ್ಬೆರಳಿನಿಂದ ಹುಡುಕಲು ಬರಬೇಕು. ಜೇಬಿನಲ್ಲಿ ತಾನಾಗಿ ಹತ್ತಿಕೊಂಡರೆ ಬೇಕಾದಾಗ ಸೆಲ್ ಖಾಲಿ. ಬಟನ್ ಇದ್ದರೆ ಲಾಕ್ ಮಾಡುವ ಸೌಲಭ್ಯ ಇದೆಯೇ ನೋಡಿ. ತಿರುಗಿಸುವ ಮಾದರಿಯಲ್ಲಿ ಆ ಭಯ ಕಡಿಮೆ, ಆದರೆ ಬೈಕಿನ ಅದುರಾಟಕ್ಕೆ ಸಡಿಲಾಗಬಹುದು. ಹತ್ತಿಸಿದ ಕೂಡಲೇ ಕಣ್ಣು ಕುಕ್ಕುವ ಹಂತದಿಂದ ಶುರುವಾಗುವ, ಪ್ರತಿ ಸಲ ಪೊಲೀಸ್ ಜೀಪಿನಂತೆ ಮಿನುಗುವ ಮೋಡ್ ದಾಟಿ ಹೋಗಬೇಕಾದ ಟಾರ್ಚ್ ಬೇಡ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಒಂದು ಕ್ಷಣದ ಜೋರು ಬೆಳಕು ಅದನ್ನು ಕೆಡಿಸುತ್ತದೆ.

ಸಿಕ್ಕಿಸುವ ಕೊಂಡಿಯನ್ನೂ ಮರೆಯಬೇಡಿ. ಬರೀ ರಿಂಗ್‌ಗಿಂತ ಬಿಚ್ಚಿ ಹಾಕಬಹುದಾದ ಕ್ಲಿಪ್ ಮೇಲು. ಸ್ಪರ್ಧಾತ್ಮಕ ಪರೀಕ್ಷೆ ಬರೆಯಲು ಹೋದಾಗ ಎಲೆಕ್ಟ್ರಾನಿಕ್ ವಸ್ತುಗಳನ್ನು ಕೇಂದ್ರದೊಳಗೆ ಬಿಡುವುದಿಲ್ಲ. ಕ್ಲಿಪ್ ಇದ್ದರೆ ಬಿಚ್ಚಿ ಹೊರಗೆ ಬ್ಯಾಗಿನಲ್ಲಿಟ್ಟು ಹೋಗಬಹುದು.

ಅಂಗಡಿಯಲ್ಲಿ ಐದು ನಿಮಿಷ

ಕೊಳ್ಳುವ ಮೊದಲು ನಾನು ಮಾಡುವ ಪರೀಕ್ಷೆಗಳಿಗೆ ಯಾವ ಉಪಕರಣವೂ ಬೇಡ. ಒಂದು, ಟಾರ್ಚ್ ಹಚ್ಚಿ ಅದರ ಬೆಳಕಿನಲ್ಲಿ ಕೈ ಬೀಸಿ. ಬೆರಳುಗಳು ತುಂಡು ತುಂಡಾಗಿ ಕಂಡರೆ ಬೆಳಕು ಮಿನುಗುತ್ತಿದೆ ಎಂದರ್ಥ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ಪಟ್ಟೆಗಳೂ ಕಾಣುತ್ತವೆ. ಹೆಚ್ಚು ಹೊತ್ತು ಓದಿದರೆ ಕಣ್ಣು ನೋಯುತ್ತದೆ. ಎರಡು, ಅಂಗೈ ಮೇಲೆ ಬಿಡಿ. ಅಂಗೈ ಹೆಣದಂತೆ ನೀಲಿಯಾಗಿ ಕಂಡರೆ ಬಣ್ಣ ಸರಿಯಾಗಿ ತೋರದ ಎಲ್‌ಇಡಿ ಅದು. ಮಣ್ಣಿನ ಮೇಲೆ ಕಂದು ಹಾವನ್ನು, ಬೋರ್ಡಿನಲ್ಲಿ ಕೆಂಪು ವೈರನ್ನು ಗುರುತಿಸಲು ಸ್ವಲ್ಪ ಬೆಚ್ಚನೆಯ ಬಿಳುಪು ಬೇಕು. ಮೂರು, ಜೋರು ಹಂತದಲ್ಲಿ ಎರಡು ಮೂರು ನಿಮಿಷ ಉರಿಸಿ ಎಷ್ಟು ಬಿಸಿಯಾಗುತ್ತದೆ, ಎಷ್ಟು ಮಂಕಾಗುತ್ತದೆ ನೋಡಿ. ನಾಲ್ಕು, ತಲೆ ಬಿಚ್ಚಲು ಬಂದರೆ ಒಳಗೆ ರಬ್ಬರ್ ರಿಂಗ್ ಇದೆಯೇ ನೋಡಿ. ಅದಿಲ್ಲದಿದ್ದರೆ ನೀರು ತಡೆಯುವ ಮಾತು ಸುಳ್ಳು. ಐದು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗಲಗಲ ಎಂದರೆ ವಾಪಸ್ ಕೊಟ್ಟುಬಿಡಿ.

ಸಾವಿರ ರೂಪಾಯಿ ಮೇಲಿನ ಹೆಸರಾಂತ ಬ್ರ್ಯಾಂಡೇ ಬೇಕೆಂದಿಲ್ಲ. ಈ ಐದರಲ್ಲಿ ಪಾಸಾದರೆ ಕೆಲವೇ ನೂರು ರೂಪಾಯಿಯದೂ ನಡೆಯುತ್ತದೆ. ಕೆಲಸ ಹುಡುಕುತ್ತಾ ಊರೂರು ತಿರುಗುವವರ ಜೇಬಿಗೆ ಅದೇ ಸರಿ.

ಕೊನೆಯದಾಗಿ ಎರಡು ಮಾತು. ಎದುರಿನಿಂದ ಬೈಕ್ ಬಂದರೆ ಬೆಳಕನ್ನು ನೆಲಕ್ಕೆ ತಿರುಗಿಸಿ, ಸವಾರನ ಕಣ್ಣಿಗಲ್ಲ. ಬೆಳಕಿನಲ್ಲಿ ಹುಳ ಕಂಡರೆ ಹೊಡೆಯಲು ಹಿಡಿಯಲು ಹೋಗದೆ ನಿಂತು ದಾರಿ ಬಿಡಿ. ಯಾರಿಗಾದರೂ ಕಚ್ಚಿದರೆ ಮಂತ್ರ, ನಾಟಿ ಔಷಧಿ ಎಂದು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಆ ಕರೆಗೆ ಬೇಕಾದಷ್ಟು ಚಾರ್ಜ್ ನಿಮ್ಮ ಫೋನಿನಲ್ಲಿ ಉಳಿದಿರುತ್ತದೆ, ಯಾಕೆಂದರೆ ದಾರಿ ತೋರಿಸುವ ಕೆಲಸವನ್ನು ನೀವು ಕೀಲಿ ಗೊಂಚಲಿನ ಬ್ಯಾಟ್ರಿಗೆ ವಹಿಸಿರುತ್ತೀರಿ. ಈ ಮಳೆಗಾಲದೊಳಗೆ ಒಂದು ಕೊಳ್ಳಿ. ಸಾಧ್ಯವಾದರೆ ಎರಡು ಕೊಂಡು ಇನ್ನೊಂದನ್ನು ರಾತ್ರಿ ಪಾಳಿಯ ಕರೆಂಟ್‌ಗೆ ಕಾದು ಹೊಲಕ್ಕೆ ನೀರು ಬಿಡಲು ಹೋಗುವ ಅಪ್ಪನಿಗೋ ಕಾಕಾನಿಗೋ ಕೊಡಿ.